ಮೂರರ ಲಕಾರ, ನಾಲ್ಕರ ಲಕಾರ: ಮಪುದುಙುನ್ ನುಡಿಯೊಳಗಿನ ಸದ್ದಿಲ್ಲದ ಸವೆತ

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಮಪುಚೆ ಸಮುದಾಯದ ಹಿರಿಯರೊಬ್ಬರು ಒಂದರಿಂದ ಹತ್ತರವರೆಗೆ ಎಣಿಸಿದರೆ ಅವರ ಬಾಯಿಂದ ಮೂರು ಬೇರೆ ಬೇರೆ ಲಕಾರಗಳು ಹೊರಡುತ್ತವೆ. ಕಿಞೆ, ಎಪು, ಕುಲ, ಮೆಲಿ, ಕೆಚು, ಕಯು, ೞೆಗ್ಲೆ, ಪುೞ, ಐಲ್ಯ, ಮೞಿ ಎಂಬುದು ಆ ಎಣಿಕೆ. ಮೂರು ಎಂಬ ಅರ್ಥದ ‘ಕುಲ’ದಲ್ಲಿ ನಾಲಿಗೆಯ ತುದಿ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ತುಸು ಚಾಚಿಕೊಳ್ಳುತ್ತದೆ. ನಾಲ್ಕು ಎಂಬ ಅರ್ಥದ ‘ಮೆಲಿ’ಯಲ್ಲಿ ಅದೇ ತುದಿ ಹಿಂದೆ ಸರಿದು ಮೇಲಿನ ಒಸಡಿನ ಉಬ್ಬನ್ನು ಮುಟ್ಟುತ್ತದೆ. ಒಂಬತ್ತು ಎಂಬ ಅರ್ಥದ ‘ಐಲ್ಯ’ಕ್ಕೆ ಬರುವ ಹೊತ್ತಿಗೆ ತುದಿಯನ್ನು ಬಿಟ್ಟು ನಾಲಿಗೆಯ ನಡುಭಾಗವೇ ಅಂಗುಳಿಗೆ ಒತ್ತಿಕೊಳ್ಳುತ್ತದೆ. ನಮ್ಮ ಕಿವಿಗೆ ಮೊದಲೆರಡು ಒಂದೇ ‘ಲ’ ಎಂದು ಕೇಳಿಸುತ್ತವೆ. ಆ ನುಡಿಯ ವ್ಯವಸ್ಥೆಯಲ್ಲಿ ಅವು ಎರಡು ಪ್ರತ್ಯೇಕ ಧ್ವನಿಮಾಗಳು, ಅಂದರೆ ಪದದ ಅರ್ಥವನ್ನು ಬೇರ್ಪಡಿಸಬಲ್ಲ ಎರಡು ಬೇರೆ ಸದ್ದುಗಳು.

ಇಂದು ಆ ಸಮುದಾಯದ ಅನೇಕ ಕಿರಿಯರು, ಅದರಲ್ಲೂ ನಗರಗಳಲ್ಲಿ ಬೆಳೆದವರು, ಮೂರನ್ನೂ ನಾಲ್ಕನ್ನೂ ಒಂದೇ ಲಕಾರದಿಂದ ಹೇಳುತ್ತಾರೆ. ಅವರನ್ನು ಭಾಷಿಕರಲ್ಲ ಎನ್ನಲಾಗದು. ಜನಗಣತಿಯ ಪಟ್ಟಿಯಲ್ಲಿ ಅವರು ಭಾಷೆ ಬಲ್ಲವರಾಗಿಯೇ ಸೇರುತ್ತಾರೆ, ಸೇರಲೂ ಬೇಕು. ಆದರೆ ಅಳಿವಿನಂಚಿನ ನುಡಿಗಳ ಬಗೆಗಿನ ಚರ್ಚೆಯೆಲ್ಲ ‘ಇನ್ನೆಷ್ಟು ಮಂದಿ ಮಾತನಾಡುತ್ತಾರೆ’ ಎಂಬ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿರುವಾಗ, ಮಾತನಾಡುವವರ ಬಾಯಿಯ ಒಳಗೇ ಆಗುತ್ತಿರುವ ಈ ಸವೆತ ಯಾವ ಲೆಕ್ಕಕ್ಕೂ ಸಿಗದೆ ನುಣುಚಿಕೊಳ್ಳುತ್ತದೆ. 2022ರಿಂದ 2032ರವರೆಗಿನ ಅವಧಿಯನ್ನು ವಿಶ್ವಸಂಸ್ಥೆಯು ಆದಿವಾಸಿ ಭಾಷೆಗಳ ಅಂತರರಾಷ್ಟ್ರೀಯ ದಶಕವೆಂದು ಘೋಷಿಸಿರುವಾಗ ಈ ಸಣ್ಣ ಲಕಾರದ ಕಥೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ಮೊದಲು ಹೆಸರಿನ ವಿಷಯ. ‘ಮಪು’ ಎಂದರೆ ನೆಲ, ‘ದುಙುನ್’ ಎಂದರೆ ಮಾತು. ನೆಲದ ಮಾತೇ ಮಪುದುಙುನ್. ಪತ್ರಿಕೆಗಳು ರೋಮನ್ ಲಿಪಿಯನ್ನು ನೋಡಿ ಇದನ್ನು ‘ಮಾಪುಡುಂಗುನ್’ ಎಂದು ಬರೆಯುವುದುಂಟು. ಅಲ್ಲಿ ಗಕಾರವಿಲ್ಲ, ಇರುವುದು ಙಕಾರ ಮಾತ್ರ. ಮೊದಲ ಸ್ವರ ದೀರ್ಘವೂ ಅಲ್ಲ, ಏಕೆಂದರೆ ಈ ನುಡಿಯಲ್ಲಿ ಹ್ರಸ್ವ ದೀರ್ಘಗಳ ಭೇದದಿಂದ ಅರ್ಥ ಬದಲಾಗುವುದಿಲ್ಲ. ನಾವು ಶಾಲೆಯಲ್ಲಿ ಕಲಿತು, ಆಮೇಲೆ ಒಂದು ಪದದಲ್ಲಿಯೂ ಬಿಡಿಯಾಗಿ ಬಳಸದೆ ವರ್ಣಮಾಲೆಯಲ್ಲೇ ಬಿಟ್ಟುಬಂದ ಙ, ಞ ಎಂಬ ಎರಡು ಅಕ್ಷರಗಳಿಗೆ ಇಲ್ಲಿ ನಿಜವಾದ ಕೆಲಸವಿದೆ. ‘ಙೆ’ ಎಂದರೆ ಕಣ್ಣು, ‘ಞುಕೆ’ ಎಂದರೆ ತಾಯಿ. ಪದದ ಆರಂಭದಲ್ಲೇ ಙಕಾರ ಬರುವುದು ಸ್ಪ್ಯಾನಿಷ್ ಭಾಷಿಕರಿಗೂ ನಮಗೂ ಸಮಾನವಾಗಿ ಕಷ್ಟ ಕೊಡುವ ಸಂಗತಿ.

ಮಪುದುಙುನ್‌ಗೆ ಸಂಬಂಧಿಕ ಭಾಷೆಯೆಂದು ಎಲ್ಲರೂ ಒಪ್ಪುವ ಮತ್ತೊಂದು ನುಡಿಯಿಲ್ಲ. ವಿದ್ವಾಂಸರು ಇದನ್ನು ಒಂಟಿ ಭಾಷೆ ಎಂದೇ ವರ್ಗೀಕರಿಸುತ್ತಾರೆ. ಇದನ್ನಾಡುವ ಮಪುಚೆ ಜನರು ಇಂಕಾ ಸಾಮ್ರಾಜ್ಯಕ್ಕೂ ಸ್ಪೇನಿನ ವಸಾಹತು ಸೇನೆಗೂ ತಲೆಬಾಗದೆ ಉಳಿದವರು. 1641ರ ಕಿಲಿನ್ ಒಪ್ಪಂದದಲ್ಲಿ ಸ್ಪೇನ್ ಬಿಯೊಬಿಯೊ ನದಿಯ ದಕ್ಷಿಣದ ಅವರ ಸ್ವಾತಂತ್ರ್ಯವನ್ನು ಮಾನ್ಯ ಮಾಡಿತು. ಅವರ ನೆಲವನ್ನು ಕೊನೆಗೂ ವಶಪಡಿಸಿಕೊಂಡಿದ್ದು ಸ್ಪೇನ್ ಅಲ್ಲ, 1861 ಮತ್ತು 1883ರ ನಡುವೆ ಸ್ವತಂತ್ರ ಚಿಲಿ ಗಣರಾಜ್ಯ. ಆಂಡೀಸ್ ಪರ್ವತದ ಆಚೆಗೆ ಅದೇ ಕೆಲಸವನ್ನು ಅರ್ಜೆಂಟೀನ ಮಾಡಿತು. ಆ ಬಳಿಕ ಸಣ್ಣ ತುಂಡು ನೆಲಗಳಿಗೆ ಒತ್ತಲ್ಪಟ್ಟವರ ಮಕ್ಕಳು ಶಾಲೆಯಲ್ಲಿ ತಾಯ್ನುಡಿ ಆಡಿದ್ದಕ್ಕೆ ಪೆಟ್ಟು ತಿಂದರು, ಆ ಮಕ್ಕಳ ಮಕ್ಕಳು ಕೂಲಿ ಮತ್ತು ಮನೆಗೆಲಸ ಹುಡುಕಿ ರಾಜಧಾನಿ ಸಾಂಟಿಯಾಗೊಗೆ ಹೋದರು. 2017ರ ಜನಗಣತಿಯಲ್ಲಿ ಚಿಲಿಯ ಸುಮಾರು 17 ಲಕ್ಷ 45 ಸಾವಿರ ಜನ ತಮ್ಮನ್ನು ಮಪುಚೆ ಎಂದು ಗುರುತಿಸಿಕೊಂಡರು. ಅವರಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಮಂದಿ ರಾಜಧಾನಿಯ ಸುತ್ತಲೇ ಇದ್ದರು. ಭಾಷೆಯನ್ನು ಸರಾಗವಾಗಿ ಆಡುವವರು ಈ ಸಂಖ್ಯೆಯ ಒಂದು ಸಣ್ಣ ಪಾಲು ಮಾತ್ರ, ಮತ್ತು ಅವರಲ್ಲಿ ಬಹುತೇಕರು ವಯಸ್ಸಾದವರು.

ಈಗ ಧ್ವನಿಗಳ ಕಡೆಗೆ. ಮಪುದುಙುನ್‌ನ ವ್ಯಂಜನಗಳನ್ನು ಒಂದು ಕೋಷ್ಟಕದಲ್ಲಿ ಬರೆದರೆ ಮೊದಲು ಕಣ್ಣಿಗೆ ಬೀಳುವುದು ಅದರ ದಂತ್ಯ ಕಂಬಸಾಲು. ಹಲ್ಲುಗಳ ನಡುವೆ ನಾಲಿಗೆ ಇಟ್ಟು ಉಚ್ಚರಿಸುವ ತಕಾರ, ನಕಾರ, ಲಕಾರಗಳು ಅಲ್ಲಿ ಒಂದರ ಕೆಳಗೊಂದು ನಿಂತಿವೆ. ಪಕ್ಕದ ಸಾಲಿನಲ್ಲಿ ಒಸಡಿನ ಉಬ್ಬಿನಲ್ಲಿ, ಅಂದರೆ ವರ್ತ್ಸದಲ್ಲಿ, ಹುಟ್ಟುವ ಇನ್ನೊಂದು ತಕಾರ, ಇನ್ನೊಂದು ನಕಾರ, ಇನ್ನೊಂದು ಲಕಾರ ಇವೆ. ವರ್ತ್ಸ್ಯ ತಕಾರವೆಂದರೆ ನಮ್ಮ ತ ಮತ್ತು ಟಗಳ ನಡುವೆ ಎಲ್ಲೋ ನಿಲ್ಲುವ, ಇಂಗ್ಲಿಷಿನವರ ಟಕಾರಕ್ಕೆ ಸಮೀಪದ ಸದ್ದು. ಪ್ರಪಂಚದ ಬಹುಪಾಲು ಭಾಷೆಗಳು ಈ ಎರಡು ಸ್ಥಾನಗಳಲ್ಲಿ ಒಂದನ್ನು ಆರಿಸಿಕೊಂಡು ಸುಮ್ಮನಾಗುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ಕಾಪಾಡಿಕೊಂಡಿರುವ ಭಾಷೆಗಳು ಕಡಿಮೆ. ಆಸ್ಟ್ರೇಲಿಯದ ಹಲವು ಮೂಲನಿವಾಸಿ ನುಡಿಗಳು, ನಮ್ಮ ನೆರೆಯ ಮಲಯಾಳ ಅಂಥವು. ಮಲಯಾಳದ ದ್ವಿತ್ವ ನಕಾರಗಳಲ್ಲಿ ಹಲ್ಲಿನದೊಂದು ಒಸಡಿನದೊಂದು ಎಂಬ ಭೇದ ಇಂದಿಗೂ ಜೀವಂತವಾಗಿದೆ. ಇದು ಯಾವ ನೆಂಟಸ್ತಿಕೆಯನ್ನೂ ತೋರಿಸುವುದಿಲ್ಲ. ಮನುಷ್ಯನ ಬಾಯಿಯ ರಚನೆ ಎಲ್ಲೆಡೆ ಒಂದೇ ಆದ್ದರಿಂದ ಇಂಥ ಹೋಲಿಕೆಗಳು ದೂರ ದೂರದಲ್ಲಿ ತಾವಾಗಿಯೇ ಹುಟ್ಟುತ್ತವೆ.

ಹೋಲಿಕೆಗೆ ಇನ್ನೊಂದು ಉದಾಹರಣೆ ಮೇಲಿನ ಎಣಿಕೆಯಲ್ಲೇ ಇದೆ. ಏಳು, ಎಂಟು ಮತ್ತು ಹತ್ತರ ಪದಗಳಲ್ಲಿ ನಾನು ಹಳಗನ್ನಡದ ೞಕಾರವನ್ನು ಬಳಸಿದ್ದು ಅಲಂಕಾರಕ್ಕಲ್ಲ. ರೋಮನ್ ಲಿಪಿಯಲ್ಲಿ ‘ಆರ್’ ಎಂದು ಬರೆಯಲಾಗುವ ಆ ಸದ್ದು ಅದುರುವ ರಕಾರವಲ್ಲ. ನಾಲಿಗೆಯ ತುದಿ ಹಿಂದಕ್ಕೆ ಬಾಗಿ ಎಲ್ಲಿಯೂ ತಾಗದೆ ಗಾಳಿಯನ್ನು ಬಿಡುವ ಮೂರ್ಧನ್ಯ ಧ್ವನಿ. ತಮಿಳರು ತಮ್ಮ ಭಾಷೆಯ ಹೆಸರಿನ ಕೊನೆಯಲ್ಲಿ ಉಚ್ಚರಿಸುವ, ಒಂದು ಕಾಲಕ್ಕೆ ಕನ್ನಡಿಗರೂ ಉಚ್ಚರಿಸುತ್ತಿದ್ದ ಧ್ವನಿ ಅದೇ ಜಾತಿಯದು. ಮಪುಚೆಯರ ನಮಸ್ಕಾರವಾದ ‘ಮೞಿ ಮೞಿ’ಯನ್ನು ಬರೆಯಲು ಕನ್ನಡದಲ್ಲಿ ಸತ್ತುಹೋದ ಅಕ್ಷರವೇ ಬೇಕಾಗುವುದು ಒಂದು ವಿಚಿತ್ರ ಕಾಕತಾಳೀಯ.

ಮೂರ್ಧನ್ಯ ಸ್ಥಾನದಲ್ಲೇ ಹುಟ್ಟುವ ಮತ್ತೊಂದು ಸದ್ದು, ಟ ಮತ್ತು ಷ ಕೂಡಿ ಒಂದೇ ಉಸಿರಿನಲ್ಲಿ ಬಂದಂತಿರುವ ವ್ಯಂಜನ. ಮಪುಚೆ ವೈದ್ಯೆಯರಾದ ಮಾಚಿಗಳು ಬಾರಿಸುವ ಡೋಲು ‘ಕುಲ್‌ಟ್ರುನ್’ ಎಂಬ ಹೆಸರಿನಲ್ಲಿ, ನಾಯಿ ಎಂಬ ಅರ್ಥದ ‘ಟ್ರೆವ’ದಲ್ಲಿ ಅದು ಕೇಳಿಸುತ್ತದೆ. ಸ್ಪರ್ಶ ವ್ಯಂಜನಗಳಲ್ಲಿ ಅಲ್ಪಪ್ರಾಣ ಅಘೋಷಗಳು ಮಾತ್ರ ಇವೆ: ಪ, ತ, ಕ ಉಂಟು, ಬ, ಗಗಳು ಇಲ್ಲ. ‘ೞೆಗ್ಲೆ’ಯಲ್ಲಿ ಗಕಾರವೆಂದು ಬರೆದದ್ದು ಸ್ಪರ್ಶವಲ್ಲ. ‘ಮಪುದುಙುನ್’ನಲ್ಲಿ ನಾನು ದಕಾರವೆಂದು ಬರೆದದ್ದೂ ನಿಜಕ್ಕೆ ಸ್ಪರ್ಶವಲ್ಲ, ಹಲ್ಲುಗಳ ನಡುವೆ ಗಾಳಿ ಉಜ್ಜಿಕೊಂಡು ಹೋಗುವ ಘರ್ಷ ಧ್ವನಿ, ಕೆಲವು ಪ್ರದೇಶಗಳಲ್ಲಿ ಅದು ಘೋಷ, ಇನ್ನು ಕೆಲವೆಡೆ ಅಘೋಷ. ಸ್ವರಗಳು ಆರು. ಐದು ಪರಿಚಿತವಾದವು, ಆರನೆಯದು ಉಕಾರವನ್ನು ತುಟಿ ದುಂಡಾಗಿಸದೆ ನುಡಿದಂತಿರುವ ನಡುಸ್ವರ. ತುಳುವರಿಗೂ ಕೊಡವರಿಗೂ ಇಂಥ ಸದ್ದು ಹೊಸದಲ್ಲ. ಎಣಿಕೆಯ ‘ಕುಲ’ದಲ್ಲಿ ಇರುವುದು ಈ ಸ್ವರವೇ, ನಮ್ಮ ಉಕಾರವಲ್ಲ. 1606ರಲ್ಲಿ ಲಿಮಾ ನಗರದಲ್ಲಿ ಈ ಭಾಷೆಯ ಮೊದಲ ವ್ಯಾಕರಣವನ್ನು ಅಚ್ಚು ಹಾಕಿಸಿದ ಜೆಸ್ವಿಟ್ ಪಾದ್ರಿ ಲೂಯಿಸ್ ದೆ ವಾಲ್ದಿವಿಯಾ ಈ ಸ್ವರ ಸ್ಪ್ಯಾನಿಷ್‌ನ ಯಾವುದಕ್ಕೂ ಹೊಂದುವುದಿಲ್ಲ ಎಂಬುದನ್ನು ಆಗಲೇ ಗಮನಿಸಿದ್ದ.

ಈ ಕೋಷ್ಟಕ ಬರೀ ಅರ್ಥಭೇದದ ಯಂತ್ರವಲ್ಲ ಎಂಬುದೂ ಮುಖ್ಯ. ಮಕ್ಕಳನ್ನು ಮುದ್ದಿಸುವಾಗ, ಪ್ರೀತಿ ಅಥವಾ ಸಲಿಗೆ ತೋರಿಸುವಾಗ ಮಪುಚೆಯರು ವ್ಯಂಜನಗಳ ಸ್ಥಾನವನ್ನೇ ಬದಲಿಸುತ್ತಾರೆ. ನಕಾರ ಞಕಾರವಾಗುತ್ತದೆ, ಲಕಾರ ತಾಲವ್ಯ ಲಕಾರವಾಗುತ್ತದೆ, ‘ಟ್ರ’ ಇದ್ದದ್ದು ‘ಚ’ ಆಗುತ್ತದೆ, ಸಕಾರ ಶಕಾರವಾಗುತ್ತದೆ. ನಮ್ಮಲ್ಲೂ ಅಜ್ಜಿಯಂದಿರು ಮಗುವಿನ ತೊದಲನ್ನು ತಾವೂ ತೊದಲುತ್ತಾರೆ, ಆದರೆ ಅದು ಮಗುವಿನೊಂದಿಗೆ ಮುಗಿಯುತ್ತದೆ. ಅಲ್ಲಿ ಅದು ದೊಡ್ಡವರ ನಡುವಿನ ಮಾತಿನಲ್ಲೂ ನಡೆಯುವ, ನಿಯಮವುಳ್ಳ ಒಂದು ಪದ್ಧತಿ. ಧ್ವನಿಗಳ ನಡುವಿನ ಅಂತರವೇ ಅಲ್ಲಿ ಭಾವದ ಅಳತೆ.

ಇಂಥ ವ್ಯವಸ್ಥೆ ಬಲವಾಗಿದ್ದಾಗ ಹೊರಗಿನ ಪದಗಳನ್ನು ಹೇಗೆ ಜೀರ್ಣಿಸಿಕೊಂಡಿತು ಎಂಬುದಕ್ಕೆ ಹಳೆಯ ಎರವಲು ಪದಗಳೇ ಸಾಕ್ಷಿ. ಸ್ಪ್ಯಾನಿಷರು ತಂದ ಕುದುರೆ ‘ಕಬಾಯೊ’ ಇಲ್ಲಿ ‘ಕವೆಲ್ಯು’ ಆಯಿತು, ಹಸು ‘ವಾಕ’ ಎಂದು ನಿಂತಿತು. ಇಲ್ಲದ ಬಕಾರದ ಬದಲು ಇದ್ದ ವಕಾರ ಬಂದಿತು. ಕುರಿ ‘ಉಫಿಶ’ ಆಯಿತು. ಈ ಕೊನೆಯ ಪದದ ಶಕಾರ ಕುತೂಹಲಕರ, ಏಕೆಂದರೆ ಇಂದಿನ ಸ್ಪ್ಯಾನಿಷ್‌ನ ‘ಒವೆಹ’ದಲ್ಲಿ ಆ ಸದ್ದಿಲ್ಲ. ಹದಿನಾರನೆಯ ಶತಮಾನದ ಸ್ಪ್ಯಾನಿಷರು ಅಲ್ಲಿ ಶಕಾರವನ್ನೇ ಉಚ್ಚರಿಸುತ್ತಿದ್ದರು; ಅವರ ಭಾಷೆ ಅದನ್ನು ಮರೆತಿತು, ಕುರಿಯನ್ನು ಕೊಂಡ ಮಪುದುಙುನ್ ನೆನಪಿಟ್ಟುಕೊಂಡಿತು. ಚಿಲಿಯ ಸ್ಪ್ಯಾನಿಷ್ ಉಚ್ಚಾರಣೆಯೇ ಮೂಲತಃ ಮಪುಚೆ ಬಾಯಿಯಿಂದ ರೂಪುಗೊಂಡದ್ದು ಎಂದು 1890ರ ದಶಕದಲ್ಲಿ ಜರ್ಮನ್ ಮೂಲದ ವಿದ್ವಾಂಸ ರೊಡಾಲ್ಫೊ ಲೆನ್ಸ್ ವಾದಿಸಿದ್ದರು. ಮುಂದೆ ಸ್ಪೇನಿನ ಭಾಷಾಶಾಸ್ತ್ರಜ್ಞ ಅಮಾಡೊ ಅಲೊನ್ಸೊ ಆ ವಾದವನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ ತಳ್ಳಿಹಾಕಿದರು, ಮತ್ತು ಇಂದು ಹೆಚ್ಚಿನವರು ಅಲೊನ್ಸೊ ಪರವಾಗಿದ್ದಾರೆ. ಆದರೂ ಅಂಥ ಪ್ರಶ್ನೆಯನ್ನು ಒಬ್ಬ ವಿದ್ವಾಂಸ ಗಂಭೀರವಾಗಿ ಎತ್ತಬಹುದಾಗಿತ್ತು ಎಂಬುದನ್ನು ಇಂದಿನ ಸ್ಥಿತಿಯ ಪಕ್ಕದಲ್ಲಿಟ್ಟು ನೋಡಬೇಕು. ಈಗ ಪದಗಳು ಸ್ಪ್ಯಾನಿಷ್‌ನಿಂದ ಮಪುಚೆ ಬಾಯಿಗೆ ಬಂದು ಬದಲಾಗುತ್ತಿಲ್ಲ. ಮಪುಚೆ ಪದಗಳೇ ಸ್ಪ್ಯಾನಿಷ್ ಕಲಿತ ಬಾಯಿಯಲ್ಲಿ ಬದಲಾಗುತ್ತಿವೆ.

ದಂತ್ಯ ಸಾಲಿನ ಪತನ ಇದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ. ಸ್ಪ್ಯಾನಿಷ್‌ನಲ್ಲಿ ತಕಾರ ಹಲ್ಲಿನದು, ನಕಾರ ಲಕಾರಗಳು ಒಸಡಿನವು, ಮತ್ತು ಪ್ರತಿಯೊಂದೂ ಒಂದೊಂದೇ. ಸ್ಪ್ಯಾನಿಷ್ ಮೊದಲ ಭಾಷೆಯಾದವರು ಮಪುದುಙುನ್ ಕಲಿತಾಗ ಎರಡು ತಕಾರಗಳೂ ಸಹಜವಾಗಿ ಹಲ್ಲಿನ ಕಡೆಗೆ ವಾಲುತ್ತವೆ, ಎರಡು ನಕಾರಗಳೂ ಎರಡು ಲಕಾರಗಳೂ ಒಸಡಿನ ಕಡೆಗೆ ವಾಲುತ್ತವೆ. ಒಂದೇ ಸಾಲಿನಲ್ಲಿದ್ದ ಧ್ವನಿಗಳು ಹೀಗೆ ವಿರುದ್ಧ ದಿಕ್ಕಿಗೆ ಚದುರುವುದನ್ನು ಭಾಷೆಯ ಒಳಗಿನ ಯಾವ ಕಾರಣದಿಂದಲೂ ವಿವರಿಸುವುದು ಕಷ್ಟ. ಸ್ಪ್ಯಾನಿಷ್‌ನ ಅಚ್ಚನ್ನು ಅದರ ಮೇಲಿಟ್ಟು ನೋಡಿದರೆ ಮಾತ್ರ ಗೆರೆಗಳು ಕೂಡುತ್ತವೆ. ನಮ್ಮ ತ, ನ, ಲಗಳೂ ಹೆಚ್ಚು ಕಡಿಮೆ ಅವೇ ಸ್ಥಾನಗಳಲ್ಲಿ ಹುಟ್ಟುವುದರಿಂದ ಕನ್ನಡಿಗರೊಬ್ಬರು ಆ ನುಡಿ ಕಲಿಯಹೊರಟರೂ ಇದೇ ತಪ್ಪನ್ನು ಮಾಡುತ್ತಾರೆ.

ಇದು ಎಲ್ಲ ಕಡೆ ಒಂದೇ ವೇಗದಲ್ಲಿ ನಡೆದಿಲ್ಲ. ಬಿಯೊಬಿಯೊ ನದಿಯ ಮೇಲ್ಕಣಿವೆಗಳ ಪೆವೆಂಚೆ ಎಂಬ ಮಪುಚೆ ಸಮುದಾಯಗಳಲ್ಲಿ, ಕಡಲಂಚಿನ ‘ಬುದಿ’ ಎಂಬ ಸರೋವರದ ಸುತ್ತಲಿನ ಊರುಗಳಲ್ಲಿ, ಭಾಷೆಯನ್ನು ಮನೆಯಲ್ಲೇ ಕಲಿತ ವಯಸ್ಕರು ಈ ಭೇದವನ್ನು ಇಂದಿಗೂ ಪಾಲಿಸುತ್ತಾರೆ. ಆದ್ದರಿಂದ ‘ಮಪುದುಙುನ್ ದಂತ್ಯಗಳನ್ನು ಕಳೆದುಕೊಂಡಿದೆ’ ಎಂಬ ವಾಕ್ಯವೂ ಸುಳ್ಳು, ‘ಕಾಪಾಡಿಕೊಂಡಿದೆ’ ಎಂಬುದೂ ಪೂರ್ಣ ಸತ್ಯವಲ್ಲ. ದಕ್ಷಿಣದ ತುದಿಯ ವಿಯಿಚೆ ಉಪಭಾಷೆಯಂತೂ ಕೆಲವೇ ಹಿರಿಯರಲ್ಲಿ ಉಳಿದಿರುವುದರಿಂದ ಅಲ್ಲಿ ಇಂಥ ಸೂಕ್ಷ್ಮಗಳನ್ನು ಕೇಳುವುದಕ್ಕೂ ಸಮಯ ಮೀರುತ್ತಿದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಧ್ವನಿಗಳು ಅಳಿಯುವುದು ಎಲ್ಲ ಭಾಷೆಗಳ ಧರ್ಮ. ಕನ್ನಡವೂ ಕಳೆದುಕೊಂಡಿದೆ, ಕಳೆದುಕೊಂಡೂ ಬದುಕಿದೆ. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ‘ಕಱೆ’ ಎಂದರೆ ಹಾಲು ಕರೆಯುವುದು, ‘ಕರೆ’ ಎಂದರೆ ಕೂಗುವುದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ೞಕಾರವಿರುವ ಪದಗಳನ್ನು ಪಟ್ಟಿ ಮಾಡಿ ಕೊಡಬೇಕಾಯಿತೆಂದರೆ ಆ ಹೊತ್ತಿಗೆ ಜನರ ಬಾಯಲ್ಲಿ ಗೊಂದಲ ಶುರುವಾಗಿತ್ತೆಂದೇ ಅರ್ಥ. ಇಂದು ನಮಗೆ ಎರಡು ಕರೆಗಳೂ ಒಂದೇ, ಎರಡು ಬಾಳುಗಳೂ ಒಂದೇ, ಅದರಿಂದ ಯಾರ ಮಾತೂ ನಿಂತಿಲ್ಲ. ಹಾಗಿರುವಾಗ ಮಪುಚೆಯರ ಒಂದು ಲಕಾರಕ್ಕೆ ಇಷ್ಟು ಮರುಗುವುದೇಕೆ? ಅದೂ ಅಲ್ಲದೆ, ದಂತ್ಯ ವರ್ತ್ಸ್ಯಗಳ ಭೇದದಿಂದಲೇ ಅರ್ಥ ಬದಲಾಗುವ ಪದಜೋಡಿಗಳು ಆ ಭಾಷೆಯಲ್ಲಿ ಬಹಳ ಇಲ್ಲ ಎಂಬುದನ್ನೂ ಒಪ್ಪಬೇಕು.

ಆಕ್ಷೇಪ ಅರ್ಧ ಸರಿ. ಒಂದು ಧ್ವನಿ ಹೋದ ಮಾತ್ರಕ್ಕೆ ಭಾಷೆ ಸಾಯುವುದಿಲ್ಲ, ಮತ್ತು ಕಿರಿಯರ ಉಚ್ಚಾರಣೆಯನ್ನು ‘ಅಶುದ್ಧ’ವೆಂದು ಹೀಗಳೆಯುವುದರಿಂದ ಅವರು ಬಾಯಿ ಮುಚ್ಚಿಕೊಳ್ಳುವುದೊಂದೇ ಫಲ. ಆದರೆ ಎರಡು ನಷ್ಟಗಳು ಒಂದೇ ಬಗೆಯವಲ್ಲ. ಕನ್ನಡದ ೞಕಾರ ಹೋದದ್ದು ಕನ್ನಡಿಗರು ಕನ್ನಡಿಗರೊಡನೆ ಕನ್ನಡದಲ್ಲೇ ಮಾತನಾಡುತ್ತ, ಶತಮಾನಗಳ ಉದ್ದಕ್ಕೂ. ಕೆಲವು ಕಡೆ ಅದು ಳಕಾರವಾಯಿತು, ಕೆಲವು ಕಡೆ ರಕಾರವಾಯಿತು, ಭಾಷೆ ತನ್ನದೇ ದಾರಿಯಲ್ಲಿ ತನ್ನ ಲೆಕ್ಕವನ್ನು ಸರಿಮಾಡಿಕೊಂಡಿತು. ಮಪುದುಙುನ್‌ನ ದಂತ್ಯಗಳು ಹೋಗುತ್ತಿರುವುದು ಎರಡು ಮೂರು ತಲೆಮಾರುಗಳಲ್ಲಿ, ಮತ್ತು ಹೋಗುವ ದಾರಿಯನ್ನು ನಿರ್ಧರಿಸುತ್ತಿರುವುದು ಇನ್ನೊಂದು ಭಾಷೆ. ಮೊದಲನೆಯದನ್ನು ಬದಲಾವಣೆ ಎನ್ನಬಹುದು. ಎರಡನೆಯದು, ನನ್ನ ಅಭಿಪ್ರಾಯದಲ್ಲಿ, ಭಾಷೆ ಕೈಬಿಟ್ಟುಹೋಗುವ ಪ್ರಕ್ರಿಯೆಯ ಮೊದಲ ಕಂತು. ಇದೇ ಬಾಯಿಗಳಲ್ಲಿ ಮುಂದೆ ಆರನೆಯ ಸ್ವರ, ಪದಾರಂಭದ ಙಕಾರ, ‘ಟ್ರ’ ಮತ್ತು ‘ಚ’ಗಳ ಅಂತರ ಒಂದೊಂದಾಗಿ ಅದೇ ಒತ್ತಡಕ್ಕೆ ಸಿಗುತ್ತವೆ. ‘ಟ್ರ’ ಮತ್ತು ‘ಚ’ಗಳ ಅಂತರ ಹೋದರೆ ಮುದ್ದುಮಾತೂ ಹೋಗುತ್ತದೆ.

ಲಿಪಿಯ ರಾಜಕೀಯ ಈ ಸಂಗತಿಯನ್ನು ಇನ್ನಷ್ಟು ಜಟಿಲಗೊಳಿಸಿದೆ. ಮಪುದುಙುನ್‌ಗೆ ಒಂದಲ್ಲ, ಮೂರು ಮುಖ್ಯ ರೋಮನ್ ಬರವಣಿಗೆಯ ಕ್ರಮಗಳಿವೆ. ಮಪುಚೆ ಭಾಷಾತಜ್ಞ ಆನ್ಸೆಲ್ಮೊ ರಾಗಿಲೆಯೊ 1980ರ ದಶಕದ ಆರಂಭದಲ್ಲಿ ರೂಪಿಸಿದ ಕ್ರಮ ಒಂದು ಧ್ವನಿಗೆ ಒಂದೇ ಅಕ್ಷರ ಎಂಬ ಹಟ ಹಿಡಿಯಿತು. ಸ್ಪ್ಯಾನಿಷ್ ಓದುವ ಅಭ್ಯಾಸಕ್ಕೆ ಬೇಕೆಂದೇ ಬೆನ್ನು ಮಾಡಿ, ಆರನೆಯ ಸ್ವರಕ್ಕೆ ‘ವಿ’ ಅಕ್ಷರವನ್ನೂ ಙಕಾರಕ್ಕೆ ಬರೀ ‘ಜಿ’ಯನ್ನೂ ಕೊಟ್ಟಿತು. 1986ರಲ್ಲಿ ವಿದ್ವಾಂಸರ ಸಭೆಯಿಂದ ಬಂದ ಏಕೀಕೃತ ಕ್ರಮ ಸ್ಪ್ಯಾನಿಷ್ ಕಾಗುಣಿತಕ್ಕೆ ಹತ್ತಿರವಾಗಿ ನಿಂತು, ದಂತ್ಯಗಳನ್ನು ತೋರಿಸಲು ಅಕ್ಷರದ ಕೆಳಗೆ ಒಂದು ಗೆರೆ ಎಳೆಯಿತು. ಸರ್ಕಾರದ ಆದಿವಾಸಿ ಅಭಿವೃದ್ಧಿ ನಿಗಮ ಒಪ್ಪಿದ ಆಸುಮ್‌ಚೆಫೆ ಕ್ರಮ ಅದೇ ಕೆಲಸವನ್ನು ‘ಎಲ್’ ಮತ್ತು ‘ಎನ್’ಗಳ ನಂತರ ‘ಎಚ್’ ಸೇರಿಸಿ ಮಾಡುತ್ತದೆ. ಭಾಷೆಯ ಹೆಸರನ್ನೇ ಕೆಲವರು ‘ಡಿ’ ಇಟ್ಟು, ಕೆಲವರು ‘ಝಡ್’ ಇಟ್ಟು ಬರೆಯುತ್ತಾರೆ. ಬರೆದದ್ದನ್ನು ನೋಡಿ ಬರೆದವರ ನಿಲುವನ್ನು ಊಹಿಸುವ ಪರಿಸ್ಥಿತಿ ಇದೆ. 2006ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಚಿಲಿ ಸರ್ಕಾರದ ಸಹಕಾರದಿಂದ ವಿಂಡೋಸ್ ತಂತ್ರಾಂಶವನ್ನು ಈ ಭಾಷೆಯಲ್ಲಿ ಹೊರತಂದಾಗ ಮಪುಚೆ ಮುಖಂಡರು ಸಂಭ್ರಮಿಸುವ ಬದಲು ನ್ಯಾಯಾಲಯಕ್ಕೆ ಹೋದರು. ತಮ್ಮನ್ನು ಕೇಳದೆ ತಮ್ಮ ನುಡಿಯನ್ನು ಬಳಸಿಕೊಂಡದ್ದು ಬೌದ್ಧಿಕ ಕಳ್ಳತನ ಎಂಬುದು ಅವರ ದೂರಾಗಿತ್ತು.

ಈ ಗಲಾಟೆಯ ನಡುವೆ ಕಳೆದುಹೋದದ್ದು ಏಕೀಕೃತ ಕ್ರಮದ ಆ ಅಡಿಗೆರೆ. ಕೀಲಿಮಣೆಯಲ್ಲಿ ಅದನ್ನು ಹಾಕುವುದು ತೊಂದರೆಯ ಕೆಲಸವಾದ್ದರಿಂದ ಬಿಟ್ಟು ಬರೆಯುವುದೇ ರೂಢಿಯಾಯಿತು. ಮನೆಯಲ್ಲಿ ಕೇಳಿ ಕಲಿತವರಿಗೆ ಇದು ನಷ್ಟವಲ್ಲ, ಅವರ ಕಿವಿಗೆ ಪದ ಗೊತ್ತು. ಆದರೆ ಕಾಗದದಿಂದ ಕಲಿಯುವವರಿಗೆ ಬರೆಯದ ಸದ್ದು ಇಲ್ಲದ ಸದ್ದೇ. ಡಿಜಿಟಲ್ ಲೋಕದಲ್ಲಿ ನಮ್ಮ ೞಕಾರಕ್ಕೂ ಯುನಿಕೋಡ್‌ನಲ್ಲಿ ತಪ್ಪಾಗಿ ‘ಫ’ ಎಂಬ ಅರ್ಥದ ಹೆಸರು ಬಿದ್ದು ಅದು ಹಾಗೇ ಉಳಿದುಕೊಂಡಿದೆ. ಆದರೆ ಆ ಅಕ್ಷರವನ್ನು ನಂಬಿಕೊಂಡು ಇಂದು ಯಾರೂ ಕನ್ನಡ ಕಲಿಯುತ್ತಿಲ್ಲವಾದ್ದರಿಂದ ಅದರಿಂದ ನಮಗೆ ಹಾನಿಯಾಗಲಿಲ್ಲ. ಮಪುಚೆಯರ ಸ್ಥಿತಿ ತಿರುವುಮುರುವು.

ಏಕೆಂದರೆ ಕಾಗದದಿಂದ ಕಲಿಯುವವರೇ ಈಗ ಭಾಷೆಯ ಭವಿಷ್ಯ. ಚಿಲಿಯಲ್ಲಿ 1993ರ ಆದಿವಾಸಿ ಕಾನೂನು ಮತ್ತು ಆನಂತರದ ದ್ವಿಭಾಷಾ ಶಿಕ್ಷಣ ಯೋಜನೆ ಶಾಲೆಗಳಿಗೆ ಮಪುದುಙುನ್ ಅನ್ನು ತಂದವು, ಆದರೆ ವಾರಕ್ಕೆ ಕೆಲವೇ ಗಂಟೆಗಳ ಪಾಠ ಬಣ್ಣ, ಸಂಖ್ಯೆ, ಪ್ರಾಣಿಗಳ ಹೆಸರು ದಾಟುವುದು ಕಡಿಮೆ. ಹೆಚ್ಚು ಫಲ ಕಾಣುತ್ತಿರುವುದು ಯುವಕರೇ ಸಂಘಟಿಸುವ ವಸತಿ ಶಿಬಿರಗಳಲ್ಲಿ. ಅಲ್ಲಿ ವಾರಗಟ್ಟಲೆ ಸ್ಪ್ಯಾನಿಷ್ ಬಿಟ್ಟು ಹಿರಿಯರೊಡನೆ ಮಾತನಾಡುತ್ತಲೇ ಭಾಷೆಯನ್ನು ಕಲಿಯಬೇಕು. 2021ರ ಜುಲೈಯಲ್ಲಿ ಮಪುಚೆ ಭಾಷಾತಜ್ಞೆ ಎಲಿಸಾ ಲೊಂಕೊನ್ ಚಿಲಿಯ ಸಂವಿಧಾನ ರಚನಾ ಸಭೆಯ ಅಧ್ಯಕ್ಷರಾಗಿ ಆಯ್ಕೆಯಾಗಿ ತಮ್ಮ ಮಾತನ್ನು ‘ಮೞಿ ಮೞಿ’ ಎಂದು ಆರಂಭಿಸಿದಾಗ ಹೊಸ ಉತ್ಸಾಹ ಮೂಡಿತು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಆ ಸಂವಿಧಾನದ ಕರಡು ಜನಮತದಲ್ಲಿ ಸೋತಿತು. ಆದರೂ ಕಲಿಯುವವರ ಸಂಖ್ಯೆಗೆ ಮಿತಿ ಹಾಕುವುದು ಕಾನೂನಲ್ಲ, ಕಲಿಸಬಲ್ಲ ಹಿರಿಯರ ವಯಸ್ಸು.

ಈ ಹೊಸ ಕಲಿಕೆಗಾರರಿಗೆ ದಂತ್ಯ ಲಕಾರವನ್ನು ಕಲಿಸಬೇಕೇ, ಅಥವಾ ಅವರು ಮಾತನಾಡಿದರೆ ಸಾಕು ಎಂದು ಬಿಡಬೇಕೇ ಎಂಬುದು ಅಲ್ಲಿನ ಶಿಕ್ಷಕರ ಮುಂದಿರುವ ನಿಜವಾದ ಪ್ರಶ್ನೆ. ಮಾತನಾಡಿದರೆ ಸಾಕು ಎಂಬುದು ಮೊದಲ ವರ್ಷಕ್ಕೆ ಸರಿಯಾದ ಉತ್ತರವೆಂದೇ ನನಗೆ ತೋರುತ್ತದೆ. ಆದರೆ ಕೇಳಿಸಿಕೊಳ್ಳುವುದಕ್ಕೆ ಖರ್ಚಿಲ್ಲ. ಪಠ್ಯದಲ್ಲಿ ಗೆರೆ ಉಳಿದಿದ್ದರೆ, ಶಿಬಿರದಲ್ಲಿ ಹಿರಿಯರ ನಾಲಿಗೆ ಎಲ್ಲಿ ನಿಲ್ಲುತ್ತದೆಂದು ನೋಡಲು ಹೇಳಿದ್ದರೆ, ಆಡದಿದ್ದರೂ ಭೇದವಿದೆಯೆಂಬ ಅರಿವಾದರೂ ದಾಟುತ್ತದೆ. ಈಗ ಸಾಂಟಿಯಾಗೊದ ಬಾಡಿಗೆ ಮನೆಯಲ್ಲಿ ಕುಳಿತ ಯುವತಿಯೊಬ್ಬಳು ತನ್ನ ಅಜ್ಜಿ ‘ಮೂರು’ ಎನ್ನುವಾಗ ಯಾವ ಲಕಾರ ಬಳಸುತ್ತಿದ್ದಿರಬಹುದೆಂದು ತಿಳಿಯಬಯಸಿದರೆ, ಅಡಿಗೆರೆ ಬಿಟ್ಟ ಪಠ್ಯ ಅವಳಿಗೆ ಏನನ್ನೂ ಹೇಳದು. ಬವೇರಿಯಾದಿಂದ ಬಂದ ಕಪುಚಿನ್ ಪಾದ್ರಿ ಫೆಲಿಕ್ಸ್ ಹೊಸೆ ದೆ ಆಗಸ್ತಾ 1916ರಲ್ಲಿ ಅಚ್ಚು ಹಾಕಿಸಿದ ನಿಘಂಟನ್ನು ಅವಳು ತೆರೆಯಬೇಕಾಗುತ್ತದೆ. ಹೊರಗಿನಿಂದ ಬಂದ ಆ ಮನುಷ್ಯ ತನ್ನ ಕಿವಿಗೆ ಹೊಸದಾದ ಆ ಸದ್ದುಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಬರೆದಿಟ್ಟಿದ್ದಾನೆ.